ಪ್ಲೇಆಫ್ ಲೆಕ್ಕ: ಗುಂಪಿನವರ ಗಮನಕ್ಕೆ

ಗೆಳೆಯರೇ, ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಸೀಸನ್ ಮುಗಿಯುವ ಹೊತ್ತಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಜಾಸ್ತಿ ಗೆದ್ದ ತಂಡ ಕೆಳಗಿರುವುದು ಯಾಕೆ?

ಲೀಗ್‌ನಲ್ಲಿ ಎರಡು ಕಾನ್ಫರೆನ್ಸ್, ಅಂದರೆ ದೊಡ್ಡ ಗುಂಪುಗಳು; ಪ್ರತಿಯೊಂದರಲ್ಲೂ 4 ತಂಡಗಳ 4 ಡಿವಿಷನ್. ಪ್ರತಿ ಕಾನ್ಫರೆನ್ಸ್‌ನ 16 ತಂಡಗಳಲ್ಲಿ 7 ಪ್ಲೇಆಫ್‌ಗೆ (ಕೊನೆಯ ನಾಕೌಟ್ ಹಂತಕ್ಕೆ) ಬರುತ್ತವೆ. ಮೊದಲ 4 ಸ್ಥಾನ ಡಿವಿಷನ್ ಗೆದ್ದವರಿಗೇ ಮೀಸಲು. ಉಳಿದ 3 ವೈಲ್ಡ್ ಕಾರ್ಡ್, ಅಂದರೆ ಡಿವಿಷನ್ ಗೆಲ್ಲದವರಲ್ಲಿ ಮುಂದಿರುವ ತಂಡಗಳಿಗೆ. ಮೊದಲ ಸುತ್ತಿನಲ್ಲಿ ವಿಶ್ರಾಂತಿ ಸಿಗುವುದು 1ನೇ ಸ್ಥಾನಕ್ಕೆ ಮಾತ್ರ.

2024ರ ಸೀಸನ್ ನೆನಪಿದೆ ಅಲ್ವಾ? ವೈಕಿಂಗ್ಸ್ 14 ಪಂದ್ಯ ಗೆದ್ದರು. ಆದರೆ ಅದೇ ಡಿವಿಷನ್‌ನ ಲಯನ್ಸ್ 15 ಗೆದ್ದಿದ್ದರು. ಹಾಗಾಗಿ ವೈಕಿಂಗ್ಸ್‌ಗೆ 5ನೇ ಸ್ಥಾನ, ಬರೀ 10 ಗೆದ್ದರೂ ತಮ್ಮ ಡಿವಿಷನ್ ಗೆದ್ದ ರಾಮ್ಸ್‌ಗೆ 4ನೇ ಸ್ಥಾನ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.

ಒಂದೇ ಡಿವಿಷನ್‌ನ ಎರಡು ತಂಡ ಸಮವಾದರೆ ಮೊದಲು ಅವರವರ ನಡುವಿನ ಪಂದ್ಯ ನೋಡುತ್ತಾರೆ. ಆಮೇಲೆ ಡಿವಿಷನ್ ಫಲಿತಾಂಶ (ಡಿವಿಷನ್‌ನೊಳಗಿನ ಪಂದ್ಯಗಳದ್ದು), ಇಬ್ಬರೂ ಎದುರಿಸಿದ ಸಮಾನ ಎದುರಾಳಿಗಳ ವಿರುದ್ಧದ ಫಲಿತಾಂಶ, ಕಾನ್ಫರೆನ್ಸ್ ಫಲಿತಾಂಶ (ಕಾನ್ಫರೆನ್ಸ್‌ನೊಳಗಿನ ಪಂದ್ಯಗಳದ್ದು). ಅಲ್ಲೂ ಸಮವಾದರೆ, ತಾವು ಸೋಲಿಸಿದ ತಂಡಗಳು ಒಟ್ಟು ಎಷ್ಟು ಗೆದ್ದಿವೆ ಎಂಬ ಲೆಕ್ಕ. ರಾಮ್ಸ್ ಆ ವರ್ಷ ಅದೇ ಡಿವಿಷನ್‌ನ, ಅಷ್ಟೇ ಪಂದ್ಯ ಗೆದ್ದ ಸೀಹಾಕ್ಸ್ ಅನ್ನು ಹಿಂದೆ ಹಾಕಿದ್ದು ಇದರಿಂದಲೇ! ವೈಲ್ಡ್ ಕಾರ್ಡ್‌ಗೆ ಬೇರೆ ಬೇರೆ ಡಿವಿಷನ್‌ನವರು ಸಮವಾದಾಗ ಮಾತ್ರ ಕಾನ್ಫರೆನ್ಸ್ ಫಲಿತಾಂಶ ಮುಂದೆ ಬರುತ್ತದೆ.

ಕೊನೆಯ ವಾರ ಅಂಕಪಟ್ಟಿ ಹಾಕುವವರು ದಯವಿಟ್ಟು ಡಿವಿಷನ್ ಫಲಿತಾಂಶವನ್ನೂ ಸೇರಿಸಿ.