ಕ್ರೀಡಾ ವರದಿಗೆ ಇಳಿದ ತಮ್ಮನ ಮಗಳಿಗೆ

ಚಿತ್ರದುರ್ಗ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ದಾವಣಗೆರೆಯಲ್ಲಿ ನಿನ್ನನ್ನು ಕ್ರೀಡಾ ವರದಿಗೆ ಹಾಕಿದ್ದಾರೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬಾ ಸಂತೋಷವಾಯಿತು. ಓದುಗರು ಕೊಡುವ ಹೆಸರು ಬೈಲೈನಿನ (ವರದಿಯ ಜೊತೆ ಅಚ್ಚಾಗುವ ವರದಿಗಾರರ ಹೆಸರು) ಜೊತೆ ನಿಧಾನಕ್ಕೆ ಬರುತ್ತದೆ. ಅದಕ್ಕೂ ಮೊದಲೇ ಶಾಮಿಯಾನದ ಕೆಳಗೆ ನಿನ್ನ ಪಕ್ಕ ಕೂರುವ ಬೇರೆ ಪತ್ರಿಕೆಯವರು, ಸ್ಕೋರರ್‌ಗಳು, ಕೋಚ್‌ಗಳು ನಿನ್ನನ್ನು ಅಳೆದು ಮುಗಿಸಿರುತ್ತಾರೆ. 'ಆ ಹುಡುಗಿ ಕೊಟ್ಟ ಅಂಕಿ ಕಣ್ಣುಮುಚ್ಚಿ ಹಾಕಬಹುದು' ಎಂಬ ಮಾತು ಬಂತೆಂದರೆ ಮುಂದಿನ ಇಪ್ಪತ್ತು ವರ್ಷ ಅದೇ ನಿನ್ನನ್ನು ಕಾಯುತ್ತದೆ. ಅದನ್ನು ಗಳಿಸುವ ಬಗೆ ಹೇಳಲೆಂದೇ ಕೂತಿದ್ದೇನೆ.

ಮೊದಲು ಸ್ಕೋರು. ಫಲಿತಾಂಶ, ಅಂಕಪಟ್ಟಿ, ಆಟಗಾರರ ಪಟ್ಟಿ, ಇವು ಎಲ್ಲರಿಗೂ ಸೇರಿದವು. ತಡವಾಗಿ ಬಂದವನು ಕೇಳಿದರೆ ತಡಮಾಡದೆ ಕೊಡು. ಒಂದೇ ದಿನ ಮೂರು ಕಡೆ ಪಂದ್ಯವಿದ್ದಾಗ ಯಾರಾದರೂ ಒಂದಕ್ಕೆ ತಡವಾಗಿ ಹೋಗಲೇಬೇಕು, ನಾಳೆ ಅದು ನೀನೇ ಆಗಿರಬಹುದು. ಆದರೆ ಕೊಡುವ ಮುನ್ನ ಕೂಡಿ ನೋಡು. ತಪ್ಪು ಅಂಕಿ ಹಂಚಿದರೆ ಮರುದಿನ ಎಲ್ಲ ಪತ್ರಿಕೆಗಳಲ್ಲೂ ಒಂದೇ ತಪ್ಪು ಬರುತ್ತದೆ, ಅದು ಯಾರಿಂದ ಹೊರಟಿತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಕ್ರಿಕೆಟ್ ತಗೋ. 30 ಓವರ್‌ನಲ್ಲಿ 8 ವಿಕೆಟ್‌ಗೆ 187 ಎಂದು ಶೀಟು ಕೈಗೆ ಬಂತು. ಬ್ಯಾಟರ್‌ಗಳ ರನ್ ಕೂಡಿದರೆ 164. ಇತರೆ (ಬ್ಯಾಟಿನಿಂದ ಬಾರದ ರನ್) 23: ಬೈ 5, ಲೆಗ್‌ಬೈ 4, ವೈಡ್ 12, ನೋಬಾಲ್ 2. ಎರಡೂ ಸೇರಿ 187, ಸರಿ. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ನೀನು ಬೌಲಿಂಗ್ ಕಡೆಯನ್ನೂ ಕೂಡು. ಬೈ, ಲೆಗ್‌ಬೈ ಬೌಲರ್ ಲೆಕ್ಕಕ್ಕೆ ಬರುವುದಿಲ್ಲ, ವೈಡ್ ಮತ್ತು ನೋಬಾಲ್ ಬರುತ್ತವೆ. ಹಾಗಾಗಿ ಬೌಲರ್‌ಗಳು ಕೊಟ್ಟ ರನ್ 178 ಆಗಬೇಕು. ಅದೂ 187 ಬಂದರೆ ಆ ಒಂಬತ್ತು ರನ್ನನ್ನು ಪಾಪ ಯಾವುದೋ ಬೌಲರ್ ತಲೆಗೆ ಕಟ್ಟಿದ್ದಾರೆ. ಇಬ್ಬರು ರನೌಟ್ ಆಗಿದ್ದರೆ ಬೌಲರ್‌ಗಳ ವಿಕೆಟ್ ಕೂಡಿ 6 ಇರಬೇಕು, ಓವರ್‌ಗಳು ಕೂಡಿ 30. ಎಲ್ಲ ಸೇರಿ ಐದು ನಿಮಿಷದ ಕೆಲಸ. ತಾಳೆಯಾಗದಿದ್ದರೆ ಸ್ಕೋರರ್ ಹತ್ತಿರ ಹೋಗಿ ಮೆಲ್ಲಗೆ ಕೇಳು, ಇಡೀ ದಿನ ಬಿಸಿಲಲ್ಲಿ ಕೂತವರು ಅವರು. ನೀನು ಕಂಡುಹಿಡಿದ ತಪ್ಪು ಅವರ ಶೀಟಿನಲ್ಲಿ ತಿದ್ದುಪಡಿ ಆಗಬೇಕು, ನಿನ್ನ ವರದಿಯಲ್ಲಿ ಮಾತ್ರ ಸರಿಯಾದರೆ ಆಟಗಾರನಿಗೆ ಪ್ರಯೋಜನವಿಲ್ಲ.

ಕಬಡ್ಡಿಯಲ್ಲಿ ಫಲಕಕ್ಕೂ ಶೀಟಿಗೂ 2 ಅಂಕದ ವ್ಯತ್ಯಾಸ ಕಂಡರೆ ಮೊದಲು ಲೋನಾ, ಅಂದರೆ ಎದುರಾಳಿ ತಂಡವನ್ನು ಪೂರ್ತಿ ಔಟ್ ಮಾಡಿದ್ದಕ್ಕೆ ಸಿಗುವ 2 ಹೆಚ್ಚುವರಿ ಅಂಕ, ಬರೆದಿದ್ದಾರಾ ನೋಡು. ಅಥ್ಲೆಟಿಕ್ಸ್‌ನಲ್ಲಿ ಇನ್ನೂ ಎಚ್ಚರ ಬೇಕು. ಸ್ಟಾಪ್‌ವಾಚ್ ಒತ್ತಿ ಕೈಯಿಂದ ಹಿಡಿದ ಸಮಯವನ್ನು ಮುಂದಿನ ಹತ್ತನೇ ಭಾಗಕ್ಕೆ ಏರಿಸಿ ಬರೆಯುವುದು ನಿಯಮ: ಸ್ಟಾಪ್‌ವಾಚ್ 11.23 ತೋರಿಸಿದರೆ ಅದು 11.3 ಸೆಕೆಂಡ್. ಎಲೆಕ್ಟ್ರಾನಿಕ್ ಸಮಯದ ಜೊತೆ ಅದನ್ನು ನೇರವಾಗಿ ಹೋಲಿಸಿ 'ಕೂಟ ದಾಖಲೆ' ಎಂದು ಹಾಕಿಬಿಟ್ಟರೆ ಆ ಮಗುವಿಗೂ ಅನ್ಯಾಯ, ಹಳೆಯ ದಾಖಲೆ ಮಾಡಿದವರಿಗೂ ಅನ್ಯಾಯ. 'ಕೈಯಿಂದ ಹಿಡಿದ ಸಮಯ' ಎಂದು ಸೇರಿಸಿಯೇ ವರದಿಗಾರರ ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸು.

ಇಷ್ಟಾದರೂ ತಪ್ಪು ನುಸುಳುತ್ತದೆ. ಆಗ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಳೆಯ ಸಂದೇಶ ಅಳಿಸಬೇಡ. ಅಳಿಸಿದರೆ ಆಗಲೇ ಕಾಪಿ (ವರದಿ) ಬರೆದು ಕಳಿಸಿದವರಿಗೆ ಏನು ಬದಲಾಯಿತೆಂದು ತಿಳಿಯುವುದಿಲ್ಲ. 'ತಿದ್ದುಪಡಿ' ಎಂದು ಮೊದಲು ಬರೆದು, ಮೊದಲು ಕೊಟ್ಟ ಅಂಕಿ, ಈಗಿನ ಅಂಕಿ, ಯಾರಿಂದ ಖಚಿತವಾಯಿತು, ಈ ಮೂರನ್ನೂ ಹಾಕು. ಜಿಲ್ಲಾ ಪುಟ ಬೇಗ ಮುಚ್ಚುತ್ತದೆ, ಅದಕ್ಕೆ ನಾಲ್ಕೈದು ಜನರಿಗೆ ಫೋನನ್ನೂ ಮಾಡು. ಬೇರೆಯವರ ವರದಿಯಲ್ಲಿ ತಪ್ಪು ಕಂಡರೆ ಮಾತ್ರ ಗ್ರೂಪಿನಲ್ಲಿ ಹಾಕಬೇಡ, ಅವರಿಗೊಬ್ಬರಿಗೇ ಹೇಳು. ಜಾಲತಾಣದಲ್ಲಿ ಕೂಡಲೇ ಸರಿಪಡಿಸಿಕೊಳ್ಳುತ್ತಾರೆ, ಅವರ ಮಾನವೂ ಉಳಿಯುತ್ತದೆ.

ಅಂಕಿ ಹಂಚು ಎಂದೆ. ಬರವಣಿಗೆ ಹಂಚಬೇಡ. ನಿನ್ನ ಕಾಪಿ ಪೂರ್ತಿ ಕೊಟ್ಟರೆ ಕೇಳಿದವನು ಪಂದ್ಯ ನೋಡುವುದನ್ನೇ ಬಿಡುತ್ತಾನೆ. ಅದು ಔದಾರ್ಯವೆಂದು ನನಗೆ ಅನಿಸುವುದಿಲ್ಲ. ಗುಟ್ಟಾಗಿ ಹೇಳಿದ ಮಾತಂತೂ ಹೇಳಿದವರದ್ದು. ಆಯ್ಕೆ ಸಮಿತಿಯವರು ನಿನ್ನೊಬ್ಬಳಿಗೇ ಒಂದು ಸುದ್ದಿ ಕೊಟ್ಟರೆ ಖಚಿತಪಡಿಸಿಕೊಂಡು ನಿನ್ನ ಪತ್ರಿಕೆಗೆ ಬರೆ, ಯಾವ ಸ್ನೇಹಕ್ಕೂ ಅವರ ಹೆಸರು ಬಾಯಿ ಬಿಡಬೇಡ. 'ಸಂಜೆ ಐದರವರೆಗೆ ಹಾಕಬೇಡಿ' ಎಂದು ಎಲ್ಲರಿಗೂ ಒಟ್ಟಿಗೆ ಪಟ್ಟಿ ಕೊಟ್ಟಿದ್ದರೆ ಐದರವರೆಗೆ ಕಾಯಲೇಬೇಕು. ಹತ್ತು ನಿಮಿಷ ಮೊದಲು ಹಾಕಿ ಸಿಗುವ ಲಾಭ ಒಂದು ಸಂಜೆಯದ್ದು, ಆಮೇಲೆ ನಿನ್ನನ್ನು ಕಂಡೊಡನೆ ಮಾತು ನಿಲ್ಲಿಸುತ್ತಾರೆ.

ಫೋಟೋಗ್ರಾಫರ್‌ಗಳ ವಿಷಯದಲ್ಲಿ ನಮ್ಮವರು ಬಹಳ ಸಡಿಲ, ಇದು ನನಗೆ ಮೊದಲಿಂದಲೂ ಬೇಸರದ ಸಂಗತಿ. ಕೇಳದೆ ಚಿತ್ರ ಬಳಸಬೇಡ, ಹೆಸರು ಹಾಕದೆ ಬಿಡಬೇಡ, ಮೂಲೆಯ ವಾಟರ್‌ಮಾರ್ಕ್ ಕತ್ತರಿಸಲೇಬೇಡ. ಅವರು ಗೆರೆಯ ಆಚೆ ಮಂಡಿಯೂರಿ ಕೂತಿರುವಾಗ ಅಂಗಿ ನಂಬರು ಹಿಡಿದು ಹೆಸರು ಬರೆದುಕೊಳ್ಳಲು ಪುರಸೊತ್ತಿರುವುದಿಲ್ಲ. ನಂಬರು, ಹೆಸರು, ಶಾಲೆ ಬರೆದ ಪಟ್ಟಿಯನ್ನು ನೀನೇ ಮಾಡಿ ಕೊಡು. ಚಿತ್ರ ತರಿಸಿಕೊಳ್ಳುವಾಗ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳು. ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಅಚ್ಚಿನಲ್ಲಿ ಮಸುಕಾಗುತ್ತದೆ.

ಹರಿಹರ, ಹೊನ್ನಾಳಿ, ಜಗಳೂರು, ಚನ್ನಗಿರಿಯಿಂದ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರರನ್ನು ಮರೆಯಬೇಡ. ಅವರಿಗೆ ಸಿಗುವ ಸಂಭಾವನೆ ಅಲ್ಪ, ಪೆಟ್ರೋಲಿಗೂ ಸಾಲದು. ಅವರ ಕಾಪಿ ನಿನ್ನದರಲ್ಲಿ ಸೇರಿದರೆ ಅವರ ಹೆಸರೂ ಸೇರಲಿ. ಡೆಸ್ಕಿನವರು ಕಿತ್ತುಹಾಕಿದರೆ ಏಕೆಂದು ಕೇಳು. ನಿನಗೆ ಬಂದ ಕೆಲಸ ಮಾಡಲಾಗದಿದ್ದಾಗ ಅಂಥವರೊಬ್ಬರ ಹೆಸರು ಹೇಳು. ಹೇಳುವಾಗ ಕಂಡದ್ದನ್ನಷ್ಟೇ ಹೇಳಬೇಕು: 'ಕಬಡ್ಡಿ, ಕೊಕ್ಕೊ ಚೆನ್ನಾಗಿ ಬಲ್ಲರು, ಹೊತ್ತಿಗೆ ಸರಿಯಾಗಿ ಕಳಿಸುತ್ತಾರೆ, ದೊಡ್ಡ ಲೇಖನ ಬರೆದದ್ದು ನಾನು ಓದಿಲ್ಲ.' ಏರಿಸಿ ಹೊಗಳಿದರೆ ಅವರು ಎಡವಿದ ದಿನ ನಿನ್ನ ಮಾತಿನ ಬೆಲೆಯೂ ಇಳಿಯುತ್ತದೆ.

ಪ್ರೆಸ್ ನೋಟಿನ ಜೊತೆ ದುಡ್ಡಿನ ಕವರ್ ಬಂದರೆ ಅಲ್ಲಿಯೇ, ಸದ್ದಿಲ್ಲದೆ, ಕೈಗೇ ವಾಪಸು ಕೊಡು. ಮೈದಾನದ ಊಟ, ಚಹಾ ಬೇಡವೆನ್ನಬೇಕಿಲ್ಲ. ಸಂಘದವರು ಬಸ್ಸು, ಕೋಣೆ ಕೊಟ್ಟು ಕರೆದೊಯ್ದರೆ ಸಂಪಾದಕರಿಗೆ ಮೊದಲೇ ತಿಳಿಸು, ವರದಿಯ ಕೊನೆಗೆ ಒಂದು ಸಾಲು ಹಾಕಿಸು.

ಔದಾರ್ಯ ಸಹೋದ್ಯೋಗಿಗಳಿಗಷ್ಟೇ ಮುಗಿಯುವುದಿಲ್ಲ, ಆಟಗಾರರಿಗೂ ಬೇಕು. ದಾವಣಗೆರೆಯಲ್ಲಿ ಒಬ್ಬ ಹುಡುಗ ಐದು ವಿಕೆಟ್ ಕಿತ್ತರೆ ಸಾಕು, 'ಮತ್ತೊಬ್ಬ ವಿನಯ್ ಕುಮಾರ್' ಎಂಬ ಶೀರ್ಷಿಕೆ ಸಿದ್ಧ. ದಾವಣಗೆರೆಯವರೇ ಆದ ವೇಗದ ಬೌಲರ್ ವಿನಯ್ ಕುಮಾರ್ 2004ರಲ್ಲಿ ಪ್ರಥಮ ದರ್ಜೆಗೆ ಇಳಿದವರು, ಟೆಸ್ಟ್ ಆಡಿದ್ದು 2012ರಲ್ಲಿ ಪರ್ತ್‌ನಲ್ಲಿ, ಅದೊಂದೇ. ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ರಣಜಿ ಗೆದ್ದಿತು, 500ಕ್ಕೂ ಹೆಚ್ಚು ಪ್ರಥಮ ದರ್ಜೆ ವಿಕೆಟ್ ಅವರ ಹೆಸರಲ್ಲಿವೆ. ಅಷ್ಟು ದೂರದ ದಾರಿಯನ್ನು ಹದಿನಾಲ್ಕರ ಹುಡುಗನ ಹೆಗಲಿಗೆ ಹೊರಿಸಬೇಡ. ಅವನು ಎಲ್ಲಿಂದ ಓಡಿಬರುತ್ತಾನೆ, ಚೆಂಡು ಯಾವ ಕಡೆ ತಿರುಗಿತು ಎಂದು ಬರೆ, ಅವನಿಗೆ ಉಪಯೋಗವಾಗುತ್ತದೆ.

ಮಕ್ಕಳನ್ನು ಮಾತಾಡಿಸುವಾಗ ಕೋಚ್ ಅಥವಾ ತಂದೆತಾಯಿ ಎದುರಿಗಿರಲಿ. ಯಾರಾದರೂ ಮಗು ಲೈಂಗಿಕ ಕಿರುಕುಳದ ಸಂಗತಿ ಹೇಳಿಕೊಂಡರೆ ಆ ಮಾತು ಗ್ರೂಪಿಗೆ ಹೋಗಬಾರದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಹೆಸರು, ಫೋಟೋ, ಮನೆ, ಶಾಲೆ, ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸುವಂತಿಲ್ಲ. 'ಇಂಥ ತಾಲ್ಲೂಕಿನ ಇಂಥ ಆಟದ ಚಾಂಪಿಯನ್' ಎಂದರೂ ಊರಿಗೆಲ್ಲ ಗುರುತು ಸಿಕ್ಕಿಬಿಡುತ್ತದೆ.

ಇನ್ನು ದಾವಣಗೆರೆಯ ದುರ್ಗಾಂಬಿಕಾ ಜಾತ್ರೆಯ ಬಯಲು ಕುಸ್ತಿ. ಅಲ್ಲಿ ಸ್ಕೋರ್‌ಶೀಟ್ ನಂಬಿ ಹೋಗಬೇಡ, ಫಲಿತಾಂಶ ಮೈಕಿನಲ್ಲಿ ಕೂಗಿ ಮುಗಿಯುತ್ತದೆ, ಹಲಗೆಯ ಸದ್ದಿಗೆ ಅರ್ಧ ಕೇಳುವುದಿಲ್ಲ. ಒಂದೇ ಹೆಸರಿನ ಪೈಲ್ವಾನರು ಮೂವರಿರುತ್ತಾರೆ, ಆದ್ದರಿಂದ ಹೆಸರಿನ ಜೊತೆ ಊರು ಕಡ್ಡಾಯ. ನೀವು ವರದಿಗಾರರು ಸರದಿ ಹಾಕಿಕೊಳ್ಳಿ: ಒಬ್ಬರು ಮೈಕಿನ ಹತ್ತಿರ, ಒಬ್ಬರು ಜೋಡಿ ಕಟ್ಟುವವರ ಹತ್ತಿರ, ಒಬ್ಬರು ಅಖಾಡದ ಅಂಚಿನಲ್ಲಿ ಯಾವ ಪಟ್ಟು ಹಾಕಿದಾಗ ಎದುರಾಳಿ ಚಿತ್ ಆದನೆಂದು ನೋಡಲು. ಕೊನೆಗೆ ಮೂರೂ ಪಟ್ಟಿ ಒಟ್ಟಿಗಿಟ್ಟು, ಜೋಡಿ ಕಟ್ಟಿದ ಹಿರಿಯರಿಗೆ ಓದಿ ಹೇಳಿ, ಅವರು ಹೂಂ ಎಂದ ಮೇಲೆ ಕಳಿಸಿ.

ಇಂತಿ,
ನಿನ್ನ ದೊಡ್ಡಪ್ಪ