ಸಹಿಗೆ ಮೊದಲು ಪಾಠವಾಗಲಿ

ಮಾನ್ಯರೇ,

ಶಿವಮೊಗ್ಗದ ನಮ್ಮ ಮನೆಯಲ್ಲಿ ಮೂವತ್ತೈದು ವರ್ಷದಿಂದ ಸಂಗೀತ ಪಾಠ ಮಾಡುತ್ತಿದ್ದೇನೆ. ಹೋದ ತಿಂಗಳು ಶಿಷ್ಯೆಯೊಬ್ಬಳು ನಾನು ರಾಗ ಹಾಕಿದ ಭಕ್ತಿಗೀತೆಯನ್ನು ಹಾಡಿ ಯೂಟ್ಯೂಬ್‌ಗೆ ಹಾಕಿದಳು. ಮಾರನೇ ದಿನವೇ 'ಇದರ ಹಕ್ಕು ಬೇರೆಯವರದು' ಎಂದು ಸೂಚನೆ ಬಂತು. "ಮೇಷ್ಟ್ರೇ, ಇದು ನಿಮ್ಮದೇ ಟ್ಯೂನ್ ಅಲ್ವಾ?" ಎಂದಳು.

ಏನು ಹೇಳಲಿ? 1996ರಲ್ಲಿ ಒಂದು ಕ್ಯಾಸೆಟ್ ಕಂಪನಿಗೆ ಎಂಟು ಹಾಡಿಗೆ ರಾಗ ಹಾಕಿಕೊಟ್ಟಿದ್ದೆ. ಕೈಗೆ ಬಂದಿದ್ದು ಎರಡೂವರೆ ಸಾವಿರ ರೂಪಾಯಿ. ಹಾರ್ಮೋನಿಯಂ ಮೇಲೆ ಇಂಗ್ಲಿಷ್ ಕಾಗದ ಇಟ್ಟರು, ಸಹಿ ಹಾಕಿದೆ. ಓದಲಿಲ್ಲ. ಓದಿದ್ದರೂ ತಿಳಿಯುತ್ತಿರಲಿಲ್ಲ ಅನ್ನಿ.

ಅದೇ ಬೇಜಾರಿನಲ್ಲಿ ಆ ಹುಡುಗಿಯನ್ನು ಕರೆದುಕೊಂಡು ಹಾಡಿನ ಹಕ್ಕುಗಳ ಬಗ್ಗೆ ಬೆಂಗಳೂರಿನಲ್ಲಿ ನಡೆದ ಒಂದು ಕಾರ್ಯಾಗಾರಕ್ಕೆ ಹೋದೆ. ವಿಷಯ ಚೆನ್ನಾಗಿತ್ತು, ಮಾತೆಲ್ಲ ಇಂಗ್ಲಿಷು. ಅವಳು ಕಿವಿಯಲ್ಲಿ ಕನ್ನಡ ಮಾಡಿ ಹೇಳಿದ್ದರಿಂದ ನನಗೆ ಅರ್ಥವಾಯಿತು. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ, ಸಿನಿಮಾಕ್ಕೋ ಆಲ್ಬಮ್ಮಿಗೋ ಹಾಡು ಕೊಟ್ಟರೂ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗೆ ಬರುವ ಹಣದಲ್ಲಿ, ಅಂದರೆ ರಾಯಲ್ಟಿಯಲ್ಲಿ, ಸಮಪಾಲಿನ ಹಕ್ಕನ್ನು ಕವಿಯಾಗಲಿ ರಾಗ ಹಾಕಿದವರಾಗಲಿ ಬರೆದುಕೊಡುವಂತಿಲ್ಲ. ಕೊಡುವುದಿದ್ದರೆ ವಾರಸುದಾರರಿಗೆ ಇಲ್ಲವೇ ಹಕ್ಕು ಸಂಘಕ್ಕೆ ಮಾತ್ರ. ನಾವು ಸತ್ತ ಮೇಲೂ 60 ವರ್ಷ ಹಕ್ಕು ಉಳಿಯುತ್ತದಂತೆ.

ಹಾಡು ಬರೆಯುವವರ, ರಾಗ ಹಾಕುವವರ ಅಂಥ ಸಂಘ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ). 1969ರಿಂದ ಇದೆ. ರೇಡಿಯೊ, ಟಿವಿ, ಹೋಟೆಲ್‌ಗಳಿಂದ ಹಣ ಸಂಗ್ರಹಿಸಿ ಸದಸ್ಯರಿಗೆ ಹಂಚುತ್ತದೆ. 'ಲರ್ನ್ ಅಂಡ್ ಅರ್ನ್' ಹೆಸರಿನಲ್ಲಿ ಕಾರ್ಯಾಗಾರಗಳನ್ನೂ ನಡೆಸುತ್ತದೆ. ಒಳ್ಳೆಯ ಕೆಲಸ. ಅದು ನಮ್ಮಂಥ ಊರುಗಳಿಗೂ ಬರಲಿ, ಕನ್ನಡದಲ್ಲಿ ಬರಲಿ ಎನ್ನುವುದಷ್ಟೇ ನನ್ನ ಕೋರಿಕೆ. ಭಾಷಣ ಕಡಿಮೆ ಇರಲಿ. ಸದಸ್ಯತ್ವದ ಅರ್ಜಿ ತುಂಬಿಸುವುದು, ಹಾಡು ನೋಂದಾಯಿಸುವುದು, ಸಾಹಿತ್ಯ ಯಾರದು, ರಾಗ ಯಾರದು, ಯಾರ ಪಾಲು ಎಷ್ಟು ಎಂದು ರೆಕಾರ್ಡಿಂಗ್ ದಿನವೇ ಹಾಳೆಯಲ್ಲಿ ಬರೆದಿಡುವುದು, ಇವನ್ನು ಕೈಹಿಡಿದು ಮಾಡಿಸಲಿ. ಸುಮ್ನೆ ಹೆದರುವವರಿಗೂ ಧೈರ್ಯ ಹೇಳಲಿ: ಶಾಲೆಯಲ್ಲಿ ಮಕ್ಕಳು ಹೆತ್ತವರ ಮುಂದೆ ಹಾಡಿದರೆ ಯಾರಿಗೂ ಹಣ ಕಟ್ಟಬೇಕಿಲ್ಲ, ಕಾಯ್ದೆಯ 52ನೇ ಕಲಮಿನಲ್ಲೇ ವಿನಾಯಿತಿ ಇದೆ.

ನಮ್ಮ ಸಂಗೀತ ಪರೀಕ್ಷೆಗಳ ಬಗ್ಗೆಯೂ ಒಂದು ಮಾತು. ಸೀನಿಯರ್, ವಿದ್ವತ್‌ಗೆ ಮಕ್ಕಳಿಂದ ರಾಗಲಕ್ಷಣ, ವಾಗ್ಗೇಯಕಾರರ ಚರಿತ್ರೆ ಎಲ್ಲ ಬಾಯಿಪಾಠ ಮಾಡಿಸುತ್ತೇವೆ. ನಾನೇ ಮಾಡಿಸಿದ್ದೇನೆ, ವರ್ಷಗಟ್ಟಲೆ. ತ್ಯಾಗರಾಜರು ಹುಟ್ಟಿದ ಊರು ತಪ್ಪು ಬರೆದರೆ ಅಂಕ ಹೋಗುತ್ತದೆ. ಆದರೆ ನಾಳೆ ತಾನೇ ರಾಗ ಹಾಕುವ ಹುಡುಗನಿಗೆ ಕರಾರುಪತ್ರ ಓದುವುದನ್ನು ಯಾರೂ ಹೇಳಿಕೊಡುವುದಿಲ್ಲ. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವೂ ಹಕ್ಕು ಸಂಘಗಳೂ ಕೂತು ಹತ್ತು ಪುಟದ ಪಾಠ ಬರೆದುಕೊಟ್ಟರೆ ಸಾಕು.

ಜಾಗದ ಚಿಂತೆ ಬೇಡ. ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿದರೆ ಇಪ್ಪತ್ತು ಜನ ಆರಾಮಾಗಿ ಕೂರುತ್ತಾರೆ. ಬರುವವರು ಭಾನುವಾರ ಮಾತ್ರ ಬರಬೇಡಿ, ಅವತ್ತು ಪಾಠ ಜಾಸ್ತಿ.

— ಒಬ್ಬ ಸಂಗೀತ ಮೇಷ್ಟ್ರು, ಶಿವಮೊಗ್ಗ