ನಿಮ್ಮಜ್ಜನ ಮನೆ ಅಟ್ಟದ ಓಲೆಗರಿ ಬಗ್ಗೆ

ಲೋ ಗೆಳೆಯ,

ಹೇಗಿದ್ಯೋ? ಫೋನಲ್ಲಿ ಹೇಳೋಕೆ ಹೋದ್ರೆ ಮಧ್ಯ ಬಾಯಿ ಹಾಕ್ತೀಯ, ಅದಕ್ಕೇ ಬರೀತಿದೀನಿ. ಮೈಸೂರು ಯೂನಿವರ್ಸಿಟಿಯ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದ್ಯಲ್ಲ, ಕೃಷ್ಣರಾಜ ಬುಲೆವಾರ್ಡ್‌ನಲ್ಲಿ, ಕಾಲೇಜ್ ಟೈಮಲ್ಲಿ ಅದರ ಮುಂದೇನೇ ಗಾಡಿ ಓಡಿಸ್ಕೊಂಡು ಹೋಗ್ತಿದ್ವಿ ಆದ್ರೆ ಒಂದಿನಾನೂ ಒಳಗೆ ಕಾಲಿಟ್ಟಿರ್ಲಿಲ್ಲ, ಅಲ್ಲಿಗೆ ಹೋಗಿದ್ದೆ. 1891ರಲ್ಲಿ ಓರಿಯಂಟಲ್ ಲೈಬ್ರರಿ ಅಂತ ಶುರುವಾಗಿದ್ದು ಕಣೋ. ಯೂನಿವರ್ಸಿಟಿ ಹುಟ್ಟಿದ್ದೇ 1916ರಲ್ಲಿ, ಅಂದ್ರೆ ಅಪ್ಪನಿಗಿಂತ ಮಗನೇ ದೊಡ್ಡೋನು.

ಓಲೆಗರಿಯ ಒಂದು ಕಟ್ಟು ಬಿಚ್ಚಿ ತೋರಿಸಿದ್ರು. ಮೇಲೊಂದು ಕೆಳಗೊಂದು ಮರದ ಪಟ್ಟಿ, ಗರಿಗಳಿಗೆ ತೂತು ಮಾಡಿ ದಾರ ಪೋಣಿಸಿದಾರೆ. ಇಂಕ್ ಗಿಂಕ್ ಏನಿಲ್ಲ, ಕಬ್ಬಿಣದ ಕಂಟದಲ್ಲಿ, ಅಂದ್ರೆ ಚೂಪಾದ ಕಡ್ಡೀಲಿ ಕೊರೆದಿರೋದು, ಅದಕ್ಕೇ ಹಳೇ ಗರಿ ಸುಮ್ನೆ ನೋಡಿದ್ರೆ ಖಾಲಿ ಅನ್ಸುತ್ತೆ. ಮಸಿ ಸವರಿ ಬಟ್ಟೇಲಿ ಒರೆಸಿದ್ರೆ ಗೀರಿನೊಳಗೆ ಮಾತ್ರ ಕಪ್ಪು ಉಳ್ಕೊಂಡು ಸಾಲು ಸಾಲಾಗಿ ಅಕ್ಷರ ಎದ್ದು ಬರುತ್ತೆ, ಅದನ್ನ ನೋಡ್ಬೇಕು ನೀನು! ಆಮೇಲೆ ನಿಂಬೆಹುಲ್ಲಿನ ಎಣ್ಣೆ ಹಚ್ತಾರಂತೆ, ಹುಳ ಬರಲ್ಲ, ಗರಿ ಒಣಗಿ ಮುರಿಯಲ್ಲ. ಪದಕ್ಕೂ ಪದಕ್ಕೂ ಮಧ್ಯ ಜಾಗ ಬಿಟ್ಟಿಲ್ಲ, ಎಲ್ಲಿ ಬಿಡಿಸಿ ಓದ್ಬೇಕು ಅನ್ನೋದು ಓದೋರ ತಲೆನೋವು.

ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ಇಲ್ಲೇ. ಅಲ್ಲೀವರೆಗೂ ಬೇರೆಯವರು ತಮ್ಮ ಪುಸ್ತಕದಲ್ಲಿ ಎತ್ತಿಕೊಂಡಿದ್ದ ಚೂರುಪಾರು ಮಾತಿಂದಷ್ಟೇ ಅದು ಗೊತ್ತಿತ್ತು, ಪೂರ್ತಿ ಪುಸ್ತಕ ಕಳೆದೇ ಹೋಯ್ತು ಅಂದ್ಕೊಂಡಿದ್ರು. 1905ರ ಸುಮಾರಿಗೆ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಗ್ರಂಥ ಅನ್ನೋ ಲಿಪೀಲಿದ್ದ (ತಮಿಳು ಸೀಮೇಲಿ ಸಂಸ್ಕೃತ ಬರೆಯೋಕೆ ಬಳಸ್ತಿದ್ದ ಲಿಪಿ) ಕಟ್ಟೊಂದನ್ನ ತಂದುಕೊಟ್ರು, ಲೈಬ್ರೇರಿಯನ್ ಆಗಿದ್ದ ಆರ್. ಶಾಮಶಾಸ್ತ್ರಿಗಳು ಕೂತು ಓದಿ 1909ರಲ್ಲಿ ಸಂಸ್ಕೃತ ಮೂಲ ಅಚ್ಚು ಹಾಕಿಸಿದ್ರು, 1915ರಲ್ಲಿ ಇಂಗ್ಲಿಷ್ ಅನುವಾದಾನೂ ಬಂತು. ಶಾಸ್ತ್ರಿಗಳ ಹೆಸರು ಎಲ್ರಿಗೂ ಗೊತ್ತು, ಸರಿ, ಗೊತ್ತಿರ್ಲೇಬೇಕು. ಆದ್ರೆ ತಂದುಕೊಟ್ಟೋರನ್ನ ಶಾಸ್ತ್ರಿಗಳೇ ಮುನ್ನುಡೀಲಿ ತಂಜಾವೂರು ಜಿಲ್ಲೆಯ ಪಂಡಿತರು ಅಂತಷ್ಟೇ ನೆನೆದಿದ್ದಾರೆ. ಮನೇಲೇ ಇಟ್ಕೊಂಡು ವರ್ಷಕ್ಕೊಂದ್ಸಲ ಅರಿಶಿನ ಕುಂಕುಮ ಹಾಕ್ಕೊಂಡು ಕೂತಿದ್ರೆ ಏನಾಗ್ತಿತ್ತು ಯೋಚ್ನೆ ಮಾಡು.

ಈಗ ವಿಷಯಕ್ಕೆ ಬರ್ತೀನಿ. ನಿಮ್ಮಜ್ಜನ ಮನೆ ಅಟ್ಟದ ಮೇಲೆ ಕೆಂಪು ಬಟ್ಟೇಲಿ ಸುತ್ತಿಟ್ಟಿರೋ ಕಟ್ಟು ಇದೆ, ಆಯುಧಪೂಜೆಗೆ ಮಾತ್ರ ಇಳಿಸ್ತಾರೆ ಅಂತಿದ್ಯಲ್ಲ, ಅದರಲ್ಲಿ ಏನಿದೆ ಅಂತ ಯಾರಾದ್ರೂ ನೋಡಿದಾರಾ? ಅರ್ಥಶಾಸ್ತ್ರ ಸಿಗುತ್ತೆ ಅಂತಲ್ಲ ಮಾರಾಯ, ಪಂಚಾಂಗವೋ ನಾಟಿ ಔಷಧಿಯೋ ಇರಬಹುದು, ಇರ್ಲಿ. ನಿಮ್ಮ ದೊಡ್ಡಪ್ಪ ಒಪ್ಪಲ್ಲ, ಗೊತ್ತು. ಕೊಡೋದೇನೂ ಬೇಡ, ಫೋಟೋ ತೆಗೆಸೋಣ ಅಂತ ಹೇಳಿನೋಡು. ಅಲ್ಲೀವರೆಗೂ ಅಂಟ್ಕೊಂಡಿರೋ ಗರೀನ ಎಳೆದು ಬಿಡಿಸೋಕೆ ಹೋಗ್ಬೇಡ, ಕೊಬ್ಬರಿ ಎಣ್ಣೆ ಸವರ್ಬೇಡ, ಪ್ಲಾಸ್ಟಿಕ್ ಕವರಲ್ಲಂತೂ ಇಡ್ಲೇಬೇಡ. ಮೇಲಿನ ಒಂದು ಗರಿ ಬೆಳಕಿಗೆ ಓರೆಯಾಗಿ ಹಿಡಿದು ಫೋಟೋ ಹೊಡೆದು ವಾಟ್ಸಾಪ್ ಮಾಡು, ಕನ್ನಡವೋ ತಿಗಳಾರಿಯೋ ನಂದಿನಾಗರಿಯೋ ಲಿಪಿ ಗೊತ್ತಿರೋರ ಹತ್ರ ಕೇಳಿಸ್ತೀನಿ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ